ಹಳೆಯ ಕಂಪ್ಯೂಟರಿಗೆ ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕಬೇಕು?

2 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪ್ ಹಿಡಿದು ರಿಪೇರಿ ಅಂಗಡಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ‘ವಿಂಡೋಸ್ 7 ಹಾಕ್ಬಿಡೋಣ ಸರ್, ಲೈಟಾಗಿ ಓಡುತ್ತೆ.’ ಓಡುವುದೇನೋ ನಿಜ. ಆದರೆ ವಿಂಡೋಸ್ 7ಕ್ಕೆ ಉಚಿತ ಭದ್ರತಾ ಅಪ್‌ಡೇಟ್ ನಿಂತದ್ದು 2020ರ ಜನವರಿ 14ರಂದು. ಕ್ರೋಮ್ ಕೂಡ 109ನೇ ಆವೃತ್ತಿಯ ನಂತರ, 2023ರಲ್ಲಿ, ಅದರ ಕೈಬಿಟ್ಟಿತು. ಅಂಥ ಯಂತ್ರದಲ್ಲಿ ದಯವಿಟ್ಟು ಬ್ಯಾಂಕ್ ವ್ಯವಹಾರ ಮಾಡಬೇಡಿ. ಹಳೆಯ ಯಂತ್ರಕ್ಕೆ ಬೇಕಿರುವುದು ಹಳೆಯ ಓಎಸ್ ಅಲ್ಲ. ಈಗಲೂ ಅಪ್‌ಡೇಟ್ ಬರುತ್ತಿರುವ, ಹಗುರವಾದ ಓಎಸ್. ಲಿನಕ್ಸ್ ಎಂಬ ಉಚಿತ ಓಎಸ್‌ನ ಕೆಲವು ಬಗೆಗಳು ಹಾಗಿವೆ.

ಹಂತ 1: ಯಂತ್ರದ ಒಳಗೇನಿದೆ ನೋಡಿ

ವಿಂಡೋಸ್ 10 ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆಯಿರಿ. ರ‍್ಯಾಮ್ ಎಷ್ಟು ಎಂಬುದರ ಜೊತೆಗೆ ‘ಸಿಸ್ಟಮ್ ಟೈಪ್’ ಸಾಲನ್ನು ಪೂರ್ತಿ ಓದಿ. ಎಷ್ಟೋ ಯಂತ್ರಗಳಲ್ಲಿ ಓಎಸ್ 32 ಬಿಟ್‌ನದು, ಪ್ರೊಸೆಸರ್ 64 ಬಿಟ್‌ನದು ಎಂದಿರುತ್ತದೆ. (ಬಿಟ್ ಸಂಖ್ಯೆ ಎಂದರೆ ಪ್ರೊಸೆಸರ್ ಒಮ್ಮೆಗೆ ನಿಭಾಯಿಸುವ ದತ್ತಾಂಶದ ಅಳತೆ.) ಮುಖ್ಯವಾದದ್ದು ಪ್ರೊಸೆಸರ್. ಇಂಟೆಲ್‌ನ ಕೋರ್ 2 ಡ್ಯುಯೊ ಚಿಪ್‌ಗಳೆಲ್ಲ 64 ಬಿಟ್‌ನವೇ. 2008ರ ಸುಮಾರಿನ ಪುಟ್ಟ ನೆಟ್‌ಬುಕ್‌ಗಳಲ್ಲಿದ್ದ ಆಟಮ್ ಎನ್270 ಆದರೋ 32 ಬಿಟ್‌ನದು.

ರ‍್ಯಾಮ್ 2 ಜಿಬಿಯೇ ಇದ್ದರೂ ಪ್ರೊಸೆಸರ್ ಒಪ್ಪುವುದಾದರೆ 64 ಬಿಟ್ ಆವೃತ್ತಿಯನ್ನೇ ಹಾಕಿ. 32 ಬಿಟ್ ತುಸು ಕಡಿಮೆ ಮೆಮೊರಿ ಬಳಸುತ್ತದೆ, ಒಪ್ಪುತ್ತೇನೆ. ಆದರೆ ಅದರ ದಾರಿ ಮುಚ್ಚುತ್ತಿದೆ. 2025ರ ಆಗಸ್ಟ್‌ನಲ್ಲಿ ಬಂದ, ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 13ಕ್ಕೆ 32 ಬಿಟ್ ಪಿಸಿಗಳ ಇನ್‌ಸ್ಟಾಲರ್ ಇಲ್ಲ. ಲಿನಕ್ಸ್‌ನ 32 ಬಿಟ್ ಫೈರ್‌ಫಾಕ್ಸ್ 144ನೇ ಆವೃತ್ತಿಗೆ ಕೊನೆಗೊಂಡಿತು.

ಹಂತ 2: ರ‍್ಯಾಮ್ ನೋಡಿ ಆರಿಸಿ

4 ಜಿಬಿ ಇದ್ದರೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ (ಹಗುರವಾದ ಡೆಸ್ಕ್‌ಟಾಪ್) ಆವೃತ್ತಿ ನನ್ನ ಮೊದಲ ಆಯ್ಕೆ. ವಿಂಡೋಸ್‌ನಿಂದ ಬಂದವರಿಗೆ ಮೆನು, ಟಾಸ್ಕ್‌ಬಾರ್ ಎಲ್ಲವೂ ಪರಿಚಿತವೆನಿಸುತ್ತವೆ. ಅಪ್‌ಡೇಟ್ 2029ರವರೆಗೆ ಬರುತ್ತದೆ. 2 ಜಿಬಿ ಇದ್ದರೆ ಡೆಬಿಯನ್ 13 ಹಾಕಿ, ಅದರಲ್ಲಿ ಇನ್ನೊಂದು ಹಗುರ ಡೆಸ್ಕ್‌ಟಾಪ್ ಆದ ಎಲ್‌ಎಕ್ಸ್‌ಕ್ಯೂಟಿ ಇರುವ ಆವೃತ್ತಿ ಆರಿಸಿ. 1 ಜಿಬಿ ಅಥವಾ 32 ಬಿಟ್ ಪ್ರೊಸೆಸರ್ ಆದರೆ ಆಂಟಿಎಕ್ಸ್ 23 ಎಂಬ ಲಿನಕ್ಸ್. ಅದರಲ್ಲಿ ಬರೆಯುವುದು, ಹಾಡು ಕೇಳುವುದು ಸಲೀಸು, ಯೂಟ್ಯೂಬ್ ನಿರೀಕ್ಷಿಸಬೇಡಿ.

ಓಎಸ್ ಎಷ್ಟೇ ಹಗುರವಾಗಿರಲಿ, ಮೆಮೊರಿ ನುಂಗುವುದು ಬ್ರೌಸರ್. ಐದಾರು ಟ್ಯಾಬ್ ತೆರೆದಿಟ್ಟರೆ ಓಎಸ್ ಉಳಿಸಿಕೊಟ್ಟಿದ್ದೆಲ್ಲ ಅಲ್ಲಿಗೇ ಹೋಗುತ್ತದೆ. 2 ಜಿಬಿ ಯಂತ್ರದಲ್ಲಿ ಎರಡು ಮೂರು ಟ್ಯಾಬ್‌ಗಳ ಅಭ್ಯಾಸ ಮಾಡಿಕೊಳ್ಳಬೇಕು, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು.

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ವಿಂಡೋಸ್‌ಗಷ್ಟೇ ಡ್ರೈವರ್ ಇರುವ ಬಯೋಮೆಟ್ರಿಕ್ ಯಂತ್ರ ಬಳಸುವವರು ಲಿನಕ್ಸ್‌ಗೆ ಬರುವುದು ಕಷ್ಟ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗೃಹ ಬಳಕೆದಾರರು ನೋಂದಾಯಿಸಿಕೊಂಡರೆ ಮತ್ತೊಂದು ವರ್ಷ ಅಪ್‌ಡೇಟ್ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ವಿಂಡೋಸ್ 11 ಕನಿಷ್ಠ 4 ಜಿಬಿ ರ‍್ಯಾಮ್, ಟಿಪಿಎಂ 2.0 (ಭದ್ರತೆಗೆಂದೇ ಇರುವ ಚಿಪ್) ಕೇಳುತ್ತದೆ. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಕೋರ್ 2 ಡ್ಯುಯೊ ಇದ್ದರೆ ಆ ಮಾತು ನಂಬಬೇಡಿ: ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬೇಕಾದ ಕೆಲವು ಪ್ರೊಸೆಸರ್ ಆದೇಶಗಳೇ (ಇನ್‌ಸ್ಟ್ರಕ್ಷನ್) ಆ ಚಿಪ್‌ನಲ್ಲಿಲ್ಲ, ಯಂತ್ರ ಬೂಟ್ ಕೂಡ ಆಗದು.

ಹಂತ 3: ಪೆನ್‌ಡ್ರೈವ್‌ನಲ್ಲಿ ಓಡಿಸಿ ನೋಡಿ

8 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಆಯ್ದ ಓಎಸ್‌ನ ಲೈವ್ ಐಎಸ್‌ಒ ಫೈಲನ್ನು (ಇನ್‌ಸ್ಟಾಲ್ ಮಾಡದೆಯೇ ಓಡಿಸಬಹುದಾದ ಪ್ರತಿ) ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ರೂಫಸ್ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಯಂತ್ರ ಆನ್ ಮಾಡಿದ ಕೂಡಲೇ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ (ಕಂಪನಿಯಿಂದ ಕಂಪನಿಗೆ ಬೇರೆ) ಒತ್ತಿ ಬೂಟ್ ಮೆನುವಿನಲ್ಲಿ ಅದನ್ನು ಆರಿಸಿ. ಹಾರ್ಡ್‌ಡಿಸ್ಕ್ ಮುಟ್ಟದೆಯೇ ಓಎಸ್ ತೆರೆದುಕೊಳ್ಳುತ್ತದೆ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನವೆನಿಸುವುದು ಸಹಜ. ವೇಗ ಅಳೆಯಲು ಹೋಗಬೇಡಿ. ವೈಫೈ ಸಿಗುತ್ತದೆಯೇ, ಸದ್ದು ಬರುತ್ತದೆಯೇ, ಪ್ರಿಂಟರ್ ಕೆಲಸ ಮಾಡುತ್ತದೆಯೇ, ಪರದೆ ಮುಚ್ಚಿ ತೆರೆದರೆ ಏಳುತ್ತದೆಯೇ ಎಂಬುದನ್ನು ನೋಡಿ. ಹಿಂದೆ ಡೆಬಿಯನ್‌ನಲ್ಲಿ ವೈಫೈ ದೊಡ್ಡ ತಲೆನೋವಾಗಿತ್ತು. 12ನೇ ಆವೃತ್ತಿಯಿಂದ ಫರ್ಮ್‌ವೇರ್ (ವೈಫೈನಂಥ ಭಾಗಗಳನ್ನು ನಡೆಸುವ ತಂತ್ರಾಂಶ) ಜೊತೆಗೇ ಬರುವುದರಿಂದ ಬಹುಪಾಲು ನೀಗಿದೆ.

ಹಂತ 4: ಕನ್ನಡದ ಕಡತಗಳನ್ನು ಉಳಿಸಿಕೊಳ್ಳಿ

ಇನ್‌ಸ್ಟಾಲ್ ಒತ್ತುವ ಮುನ್ನ ಫೋಟೊ, ದಾಖಲೆಗಳನ್ನು ಬೇರೆ ಡಿಸ್ಕ್‌ಗೆ ಹಾಕಿಡಿ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ (ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತ) ಅಲ್ಲದ ಫಾಂಟ್ ಬಳಸಿ ಟೈಪ್ ಮಾಡಿದ್ದ ಕಡತಗಳಿದ್ದರೆ, ವಿಂಡೋಸ್ ಅಳಿಸುವ ಮೊದಲೇ ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ. ಇಲ್ಲದಿದ್ದರೆ ಹೊಸ ಓಎಸ್‌ನಲ್ಲಿ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಎಷ್ಟೋ ಮನೆಗಳಲ್ಲಿ ಅಪ್ಪನ ಲೇಖನ, ಅಜ್ಜಿ ಹೇಳಿ ಬರೆಸಿದ ಹಾಡುಗಳು ಅಂಥ ಕಡತಗಳಲ್ಲೇ ಇವೆ. ಈ ಹಂತಕ್ಕೆ ಒಂದು ದಿನವನ್ನೇ ಕೊಟ್ಟರೂ ತಪ್ಪಿಲ್ಲ.

ಲಿನಕ್ಸ್‌ನಲ್ಲಿ ಟೈಪಿಂಗ್‌ಗೆ ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ನುಡಿಯಲ್ಲಿ ರೂಢಿಯಾದ ಕೆಜಿಪಿ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳೂ ಇವೆ.

ಹಂತ 5: ದುಡ್ಡು ಹಾಕುವುದಾದರೆ

ಮೊದಲು ಹಾರ್ಡ್‌ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಸಂಗ್ರಹ ಸಾಧನ) ಹಾಕಿಸಿ. ವ್ಯತ್ಯಾಸ ಕಣ್ಣಿಗೆ ಕಾಣುವುದು ಅದರಲ್ಲೇ. ರ‍್ಯಾಮ್ ಕೊಳ್ಳುವ ಮುನ್ನ ನಿಮ್ಮದು ಡಿಡಿಆರ್2 ಪೀಳಿಗೆಯದೋ ಡಿಡಿಆರ್3 ಪೀಳಿಗೆಯದೋ ಖಚಿತಪಡಿಸಿಕೊಳ್ಳಿ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡಿಡಿಆರ್3ರಲ್ಲಿ 1.35 ವೋಲ್ಟ್‌ನ ‘ಎಲ್’ ಮಾದರಿಯೂ ಇದೆ. ಹಳೆಯ ಕಡ್ಡಿಯನ್ನೇ ಬಿಚ್ಚಿ ಅಂಗಡಿಗೆ ಒಯ್ದು ತೋರಿಸಿದರೆ ಎಡವಟ್ಟಾಗುವುದಿಲ್ಲ.