ಮೊದಲು ನೀರಿನ ದಾರಿ, ಆಮೇಲೆ ಬಣ್ಣ: ಹಳೆ ಬಾಡಿಗೆ ಮನೆಗಳ ಜೊತೆ ನನ್ನ ಅನುಭವ

ಮಾವನವರ ಕಾಲದಿಂದ ನಮ್ಮ ಪಾಲಿಗೆ ಬಂದದ್ದು ಶಿವಮೊಗ್ಗದ ಕೋಟೆ ಕಡೆಯ ಹಳೆ ಬೀದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಹೆಂಚಿನ ಮನೆಗಳು, ತೀರ್ಥಹಳ್ಳಿಯಲ್ಲೊಂದು ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆಯ ಮನೆ. ಎಲ್ಲವೂ ಬಾಡಿಗೆಗೆ ಕೊಟ್ಟವು. "ಕೆಡವಿ ಮೂರಂತಸ್ತು ಎಬ್ಬಿಸಿ" ಎಂದು ಸಲಹೆ ಕೊಡುವವರಿಗೆ ಬರವಿಲ್ಲ. ಬ್ಯಾಂಕಿನ ಬಡ್ಡಿ ಕಟ್ಟುತ್ತಾ ಹೊಸ ಕಟ್ಟಡದ ಬಾಡಿಗೆ ಎಣಿಸುವುದಕ್ಕಿಂತ ಇದ್ದದ್ದನ್ನು ನೆಟ್ಟಗೆ ಇಟ್ಟುಕೊಳ್ಳುವುದೇ ನಮಗೆ ಹಗುರ ಅನ್ನಿಸಿತು. ಖರ್ಚಿಗೆ ನಾನು ಪಾಲಿಸುವ ಕ್ರಮ ಇಷ್ಟೇ: ಮೊದಲು ಸೂರು, ಆಮೇಲೆ ಗೋಡೆ ಬುಡದ ನೀರು, ಆಮೇಲೆ ಕರೆಂಟು, ಕಟ್ಟಕಡೆಗೆ ಬಣ್ಣ. ಮನೆ ನೋಡಲು ಬಂದವರು ಬಣ್ಣವನ್ನೇ ನೋಡುತ್ತಾರೆ, ನಿಜ. ಆದರೆ ಆಷಾಢದಲ್ಲಿ ಅವರಿಂದ ಫೋನ್ ಬರುವುದು ಬಣ್ಣದ ವಿಷಯಕ್ಕಲ್ಲ.

ಎರಡೂ ಊರಿಗೆ ನಡುವೆ ಇರುವುದು ಸುಮಾರು 60 ಕಿಲೋಮೀಟರ್. ಶಿವಮೊಗ್ಗದಲ್ಲಿ ವರ್ಷಕ್ಕೆ 1000 ಮಿಲಿಮೀಟರ್ ಆಸುಪಾಸಿನ ಮಳೆ, ತೀರ್ಥಹಳ್ಳಿಯಲ್ಲಿ ಅದರ ಮೂರು ಪಟ್ಟಿನ ಹತ್ತಿರ. ಹಾಗಾಗಿ ಅಲ್ಲಿ ನಡೆಯುವ ಉಪಾಯ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಯಾವಾಗಲೂ ಒಗ್ಗುವುದಿಲ್ಲ.

ಹೆಂಚು ಕೈಯಾಡಿಸುವ, ಅಂದರೆ ತೆಗೆದು ನೋಡಿ ಮತ್ತೆ ಹೊದಿಸುವ ಕೆಲಸ ಯುಗಾದಿ ಕಳೆದ ಮೇಲೆ ಶುರು, ರೋಹಿಣಿ ಮಳೆಗೆ ಮೊದಲು ಮುಗಿಯಬೇಕು. ಈ ಕೆಲಸ ಬಲ್ಲವರು ಈಗ ಬೆರಳೆಣಿಕೆಯಷ್ಟು ಜನ. ನಮ್ಮಲ್ಲಿಗೆ ಬರುವ ಹಿರಿಯರಿಗೆ ಮಾರ್ಚಿಯಲ್ಲೇ ಮುಂಗಡ ಕೊಟ್ಟು ದಿನ ಗೊತ್ತು ಮಾಡಿಕೊಳ್ಳುತ್ತೇನೆ. ಅವರು ಪ್ರತಿ ಹೆಂಚನ್ನೂ ಬೆರಳಿನಿಂದ ತಟ್ಟಿ ನೋಡುತ್ತಾರೆ. ಕಣಕಣ ಅಂದರೆ ಉಳಿಯಿತು, ಬೊದ್ದು ಸದ್ದು ಬಂದರೆ ಸಣ್ಣ ಬಿರುಕಿದೆ ಎಂದರ್ಥ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ ಈ ಹೆಂಚನ್ನು ಆಮೇಲೆ ಎಷ್ಟೋ ಕಾರ್ಖಾನೆಗಳು ತಯಾರಿಸಿದವು. ಒಂದು ಕಾರ್ಖಾನೆಯ ಹೆಂಚಿನ ಅಂಚು ಇನ್ನೊಂದರ ಹೆಂಚಿನ ತೋಡಿನಲ್ಲಿ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಎಲ್ಲಾದರೂ ಹಳೆ ಮನೆ ಬೀಳಿಸುತ್ತಿದ್ದಾರೆ ಎಂದು ಕಿವಿಗೆ ಬಿದ್ದರೆ ನಮ್ಮದೇ ಮುದ್ರೆಯ ಹೆಂಚಿದೆಯೇ ಎಂದು ನೋಡಿ ಕೊಂಡು ತಂದು ಹಿತ್ತಿಲಲ್ಲಿ ಪೇರಿಸಿಡುತ್ತೇನೆ. ಮಳೆಗಾಲದ ನಡುವೆ ಮಂಗಗಳು ಮಾಡಿನ ಮೇಲೆ ಓಡಿದ ಮರುದಿನ ಈ ರಾಶಿಯ ಬೆಲೆ ಗೊತ್ತಾಗುತ್ತದೆ.

ಹೆಂಚು ತೆಗೆದಾಗಲೇ ಮರ ನೋಡಿಬಿಡಬೇಕು. ಪಕಾಸಿ (ಮಾಡಿನ ಇಳಿಜಾರು ತೊಲೆ) ಕೊಳೆಯುವುದು ಹೆಚ್ಚಾಗಿ ಗೋಡೆಯ ಮೇಲೆ ಕೂತ ತುದಿಯಲ್ಲಿ. ಇಡೀ ಪಕಾಸಿ ಬದಲಿಸಿ ಎಂದು ಬಡಗಿ ಹೇಳುತ್ತಾನೆ. ನಾನು ತುದಿ ಕತ್ತರಿಸಿ, ಗಟ್ಟಿ ಭಾಗದ ಪಕ್ಕಕ್ಕೆ ಉದ್ದವಾಗಿ ಮತ್ತಿ ಮರದ ತುಂಡು ಜೋಡಿಸಿ ಬೋಲ್ಟ್ ಹಾಕಿಸುತ್ತೇನೆ. ಅಂದಕ್ಕೆ ಅಷ್ಟಕ್ಕಷ್ಟೆ, ಆದರೆ ಭಾರ ಹೊರುತ್ತದೆ. ಹೆಂಚು ಕೂರುವ ಪಟ್ಟಿಗಳು, ಅಂದರೆ ರೀಪುಗಳು, ಅಡಿಕೆ ದಬ್ಬೆಯವು ಇದ್ದಲ್ಲಿ ಮಾತ್ರ ಮುಲಾಜಿಲ್ಲದೆ ಬದಲಾವಣೆ. ಹೊಸ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಸುತ್ತೇನೆ. ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಗ್ಲೌಸ್ ಹಾಕದೆ ಮುಟ್ಟಬೇಡಿ. ಅಡುಗೆಮನೆಗೆ ಒಂದೆರಡು ಗಾಜಿನ ಹೆಂಚು ಇಡಿಸುವುದೂ ಆಗಲೇ. ಹಗಲು ಲೈಟ್ ಹಾಕುವುದು ತಪ್ಪುತ್ತದೆ.

ಹಿಂಭಾಗಕ್ಕೆ ಯಾರೋ ಯಾವಾಗಲೋ ಸೇರಿಸಿದ ಬಚ್ಚಲುಗಳದ್ದು ಬೇರೆಯೇ ಕಥೆ. ಎತ್ತರ ಸಾಲದೆ ಮಾಡನ್ನು ಚಪ್ಪಟೆ ಇಳಿಸಿರುತ್ತಾರೆ. ಇಳಿಜಾರು ಕಡಿಮೆಯಾದರೆ ಎಂಥ ಹೊಸ ಹೆಂಚೂ ಸೋರುತ್ತದೆ, ಗಾಳಿಗೆ ನೀರು ಹಿಮ್ಮುಖ ಏರುತ್ತದೆ. ಅಲ್ಲಿ ಹೆಂಚಿನ ಮೋಹ ಬಿಟ್ಟು ಶೀಟ್ ಹಾಕಿಸಿದ್ದೇನೆ. ಹಾಗೆಂದು ಇಡೀ ಮನೆಯ ಮೇಲೆ ಶೀಟಿನ ಛತ್ರಿ ಕಟ್ಟುವ ಈಗಿನ ರೂಢಿ ನನಗೆ ಶಿವಮೊಗ್ಗದ ಮಟ್ಟಿಗೆ ಬೇಡ. ತೀರ್ಥಹಳ್ಳಿಯ ಮಳೆಗೆ ಅದನ್ನು ಹಾಕಿಸಿದವರನ್ನು ದೂರಲಾರೆ.

ಗೋಡೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮಣ್ಣಿನ ಗೋಡೆಗಾಗಲಿ ಜಂಬಿಟ್ಟಿಗೆಗಾಗಲಿ ನೆಲದ ತೇವ ಏರುವುದು ಸಹಜ. ಹಳೆಯವರು ಸುಣ್ಣದ ಗಾರೆ ಬಳಿದದ್ದರಿಂದ ಏರಿದ ತೇವ ಬೇಸಿಗೆಯಲ್ಲಿ ಹೊರಗೆ ಆರಿಹೋಗುತ್ತಿತ್ತು. ಮೇಲೆ ಸಿಮೆಂಟ್ ಮೆತ್ತಿದರೆ ಅದಕ್ಕೆ ದಾರಿ ಇಲ್ಲ. ಇನ್ನೂ ಮೇಲಕ್ಕೆ ಏರುತ್ತದೆ, ಬಿಳಿ ಉಪ್ಪು ಉದುರುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟು ಹಪ್ಪಳದಂತೆ ಎದ್ದು ಜೊತೆಗೆ ಒಳಗಿನ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ನಮ್ಮ ಮನೆಗಳಿಗೆ ಹಿಂದೆಂದೋ ಮೆತ್ತಿದ್ದ ಸಿಮೆಂಟನ್ನು ಸೊಂಟದೆತ್ತರದವರೆಗೆ ಕೆತ್ತಿಸಿ, ಗೋಡೆಯನ್ನು ಒಂದು ಬೇಸಿಗೆ ಹಾಗೇ ಒಣಗಲು ಬಿಟ್ಟೆವು. ಬಾಡಿಗೆದಾರರು ಇದ್ದಾಗ ಇದು ಆಗದ ಮಾತು. ಮನೆ ಖಾಲಿಯಾದಾಗಲೇ ಮಾಡಬೇಕು, ಆ ತಿಂಗಳುಗಳ ಬಾಡಿಗೆಯನ್ನು ರಿಪೇರಿ ಖರ್ಚಿಗೇ ಸೇರಿಸಿಕೊಳ್ಳಬೇಕು.

ಗಾರೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಸುಣ್ಣವನ್ನು ನೀರಿನಲ್ಲಿ ಅರಳಿಸಿ ವಾರಗಟ್ಟಲೆ ಮುಳುಗಿಸಿಡಬೇಕು, ಆತುರ ಮಾಡಿದರೆ ಗೋಡೆಯ ಮೇಲೆ ಆಮೇಲೆ ಅರಳಿ ಗುಳ್ಳೆ ಏಳುತ್ತದೆ. ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಹಾರದಂತೆ ದೂರ ನಿಲ್ಲಿ. ಮೇಸ್ತ್ರಿ ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಸೇರಿಸುತ್ತಾರೆ. ತೆಳ್ಳಗೆ ಒಂದು ಪದರ, ಅದು ಬಿಗಿಯುವವರೆಗೆ ಕಾಯುವುದು, ಮತ್ತೊಂದು ಪದರ. ಗಾಳಿಯನ್ನು ಕುಡಿದೇ ಸುಣ್ಣ ಗಟ್ಟಿಯಾಗುವುದು, ಹಾಗಾಗಿ ಜನವರಿ ಕಳೆದ ಮೇಲೆಯೇ ಈ ಕೆಲಸ. ಅದಕ್ಕೂ ಮೊದಲು ಆಳೂ ಸಿಗುವುದಿಲ್ಲ, ಎಲ್ಲರೂ ಅಡಿಕೆ ಕೊಯ್ಲಿನಲ್ಲಿ. ಮೇಲಿನ ಬಣ್ಣವೂ ಸುಣ್ಣದ್ದೇ. ಪ್ಲಾಸ್ಟಿಕ್ ಪೇಂಟ್ ಬಳಿದರೆ ಮಾಡಿದ್ದೆಲ್ಲ ವ್ಯರ್ಥ. "ಬಟ್ಟೆಗೆ ಅಂಟುತ್ತದೆ ಆಂಟಿ" ಎನ್ನುವ ಬಾಡಿಗೆದಾರರಿಗೆ ಮಂಚ ಇಡುವ ಕಡೆ ಗೋಡೆಗೆ ಚಾಪೆ ಹೊಡೆಸಿ ಕೊಟ್ಟಿದ್ದೇನೆ.

ಆದರೆ ಗೋಡೆ ಬುಡದಲ್ಲೇ ನೀರು ನಿಂತಿದ್ದರೆ ಯಾವ ಗಾರೆಯೂ ಉಳಿಯದು. ಹಳೆ ಬೀದಿಗಳಲ್ಲಿ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಮನೆಗಳೇ ತಗ್ಗಾಗಿವೆ. ಸೂರಿನ ಹನಿ ಬೀಳುವ ಗೆರೆಗೆ ಸರಿಯಾಗಿ ಮೊಣಕಾಲುದ್ದದ ಕಿರಿದಾದ ಕಾಲುವೆ ತೋಡಿಸಿ, ಜಲ್ಲಿ ತುಂಬಿಸಿ, ಚರಂಡಿ ಕಡೆಗೆ ಇಳಿಜಾರು ಕೊಡಿಸಿದೆ. ಹನಿ ಜಲ್ಲಿಗೆ ಬೀಳುವುದರಿಂದ ಕೆಸರು ಗೋಡೆಗೆ ಸಿಡಿಯುವುದಿಲ್ಲ. ತೀರ್ಥಹಳ್ಳಿಯಲ್ಲಿ ಅಷ್ಟು ಸಾಲದು. ಗಾಳಿಮಳೆ ಹೊಡೆಯುವ ಪಡುವಣ ಗೋಡೆಗೆ ಇಂದಿಗೂ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತೇನೆ. ಅಷ್ಟು ಅಗ್ಗದಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವ ವಾಟರ್‌ಪ್ರೂಫಿಂಗ್ ಅಂಗಡಿಯಲ್ಲಿ ನಾನು ಕಂಡಿಲ್ಲ.

ನೆಲ ರೆಡ್ ಆಕ್ಸೈಡಿನದು. ಬಿರುಕಿದ್ದಲ್ಲಿ ತುಂಬಿಸಿ, ತೆಂಗಿನೆಣ್ಣೆ ಹಾಕಿ ಉಜ್ಜಿಸಿದರೆ ಹೊಳಪು ಬರುತ್ತದೆ. ವಿಟ್ರಿಫೈಡ್ ಟೈಲ್ಸ್ ಹಾಕಿಸಿ ಎಂದು ಕೇಳುವವರಿದ್ದಾರೆ. ನೆಲದಲ್ಲಿ ಆರುತ್ತಿದ್ದ ತೇವ ಆಮೇಲೆ ಗೋಡೆ ಹಿಡಿಯುತ್ತದೆ, ನಾನು ಒಪ್ಪಿಲ್ಲ.

ಗೆದ್ದಲಿಗೆ ನೆಲ-ಗೋಡೆ ಸೇರುವಲ್ಲಿ ಅಡಿಗೊಂದು ತೂತು ಕೊರೆದು ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಎಂಬ ಕೀಟನಾಶಕದ ದ್ರಾವಣ ಹಾಕುತ್ತಾರೆ, ಲೀಟರ್ ನೀರಿಗೆ 2.1 ಮಿಲಿ ಲೆಕ್ಕ. ಹಿತ್ತಿಲಲ್ಲಿ ಬಾವಿ ಇದ್ದರೆ ಆ ಕಡೆಯ ಗೋಡೆಗೆ ಮಾತ್ರ ಬೇಡವೇ ಬೇಡ. ನಮ್ಮ ಬಾವಿಯ ಕಡೆ ಮಣ್ಣಿನ ಹುತ್ತದ ಗೆರೆ ಕಂಡ ಕೂಡಲೇ ಕೆರೆದು ಹಾಕುವುದು, ಸೌದೆ-ರಟ್ಟಿನ ಡಬ್ಬ ಗೋಡೆಗೆ ಒರಗಿಸದಿರುವುದು, ಇಷ್ಟರಲ್ಲೇ ನಡೆಯುತ್ತಿದೆ.

ವೈರಿಂಗನ್ನು ತೇಪೆ ಹಾಕದೆ ಪೂರ್ತಿ ಹೊಸದು ಮಾಡಿಸಿದೆ. ತೇವದ ಗೋಡೆಯ ಮನೆಯಲ್ಲಿ ಅರ್ತಿಂಗ್ ಗುಂಡಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಎರಡೂ ಇರಲೇಬೇಕು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಊರಿನ ತಗ್ಗು ಭಾಗಗಳಿಗೆ ನುಗ್ಗಿದ್ದನ್ನು ಕಂಡ ಮೇಲೆ ಪ್ಲಗ್ ಪಾಯಿಂಟುಗಳನ್ನೆಲ್ಲ ಎದೆಯೆತ್ತರಕ್ಕೆ ಏರಿಸಿದ್ದೇವೆ. ಮನೆಗೊಂದು ಮೆಸ್ಕಾಂ ಮೀಟರ್ ಇರಲಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಬಿಟ್ಟುಹೋಗುವವರು ಆರ್‌ಆರ್ ನಂಬರಿನಿಂದ ತಮ್ಮ ಆಧಾರ್ ಡೀಲಿಂಕ್ ಮಾಡಿದ ಮೇಲೆಯೇ ಅಡ್ವಾನ್ಸ್ ವಾಪಸು. ಇಲ್ಲದಿದ್ದರೆ ಹೊಸಬರು ಅಲೆಯಬೇಕು.

ಇಷ್ಟೆಲ್ಲದರ ನಡುವೆ ನನಗೆ ಹೆಚ್ಚು ಉಳಿತಾಯ ಮಾಡಿಕೊಟ್ಟದ್ದು ಮೊದಲ ಹನಿ ತೊಟ್ಟಿಕ್ಕಿದಾಗಲೇ ಫೋನ್ ಮಾಡುವ ಬಾಡಿಗೆದಾರರು. ಬಹಳ ಜನ ಹೇಳುವುದಿಲ್ಲ. ಹೇಳಿದರೆ ಬಾಡಿಗೆ ಏರಿಸುತ್ತಾರೆ, ಇಲ್ಲವೇ ತಮ್ಮ ತಲೆಗೇ ಕಟ್ಟುತ್ತಾರೆ ಎಂಬ ಭಯ. ಬಕೆಟ್ ಇಟ್ಟುಕೊಂಡು ಸುಮ್ಮನಿರುತ್ತಾರೆ. ಅಷ್ಟರಲ್ಲಿ ಹೆಂಚಿನ ಖರ್ಚು ತೊಲೆಯ ಖರ್ಚಾಗಿರುತ್ತದೆ. ಅದಕ್ಕೆ 11 ತಿಂಗಳ ಕರಾರಿನಲ್ಲೇ ಬರೆಸಿದ್ದೇನೆ: ಸೂರು, ಗೋಡೆ, ವೈರಿಂಗ್, ಪೈಪ್ ನನ್ನವು, ನಲ್ಲಿಯ ವಾಷರ್, ಬಲ್ಬು ನಿಮ್ಮವು, ಸೋರಿಕೆ ಹೇಳಿದ್ದಕ್ಕೆ ಬಾಡಿಗೆ ಏರುವುದಿಲ್ಲ. ಸಣ್ಣ ರಿಪೇರಿ ತಾವೇ ಮಾಡಿಸಿದರೆ ಚೀಟಿಯ ಫೋಟೋ ಕಳಿಸಲಿ, ಬಾಡಿಗೆಯಲ್ಲಿ ಮುರಿದುಕೊಳ್ಳಲಿ. ಆರಿದ್ರಾ ಮಳೆ ಹಿಡಿದ ವಾರ ನಾನೇ ಎಲ್ಲರಿಗೂ ಫೋನ್ ಮಾಡುತ್ತೇನೆ.

ತೆರಿಗೆಯ ಒಂದು ಮಾತು. ಬಾಡಿಗೆ ಆದಾಯದಲ್ಲಿ ನೀವು ಕಟ್ಟಿದ ಮನೆಕಂದಾಯ ಕಳೆದು ಉಳಿದದ್ದಕ್ಕೆ ಶೇ. 30 ವಿನಾಯಿತಿ ಇದೆ, ರಿಪೇರಿಗೆ ಹತ್ತು ರೂಪಾಯಿ ಹಾಕಿದರೂ ಲಕ್ಷ ಹಾಕಿದರೂ ಅಷ್ಟೇ. ನಾನು ಪ್ರತಿ ವರ್ಷ ಅಷ್ಟು ಮೊತ್ತವನ್ನು ಮನೆಗಳ ಹೆಸರಿನ ಬೇರೆ ಖಾತೆಗೇ ಹಾಕಿಬಿಡುತ್ತೇನೆ. ದೊಡ್ಡ ಕೆಲಸ ಬಂದಾಗ ಅಲ್ಲಿಂದ ತೆಗೆಯುವುದು.

ಈ ಬೇಸಿಗೆಗೆ ಆ ಖಾತೆಯಿಂದ ಆಗಬೇಕಾದದ್ದು ಜಗಲಿಯ ಕೆಲಸ. ಎಲ್ಲರ ಬಳಿಯೂ ಸ್ಕೂಟರ್ ಇದೆ, ರಾತ್ರಿ ಬೀದಿಯಲ್ಲಿ ನಿಲ್ಲಿಸಲು ಹೆದರುತ್ತಾರೆ. ಕಲ್ಲಿನ ಕಟ್ಟೆ ಒಡೆಯುವ ಬದಲು ಬೇಕಾದಾಗ ಇಳಿಸಿ ಬೇಡವಾದಾಗ ಎತ್ತಿಡುವಂಥ ಕಬ್ಬಿಣದ ರ‍್ಯಾಂಪ್ ಮಾಡಿಸಲು ವೆಲ್ಡಿಂಗ್‌ನವರಿಗೆ ಅಳತೆ ಕೊಟ್ಟಾಗಿದೆ.