ಗುಂಡು ಹಾರಿದ ಮೇಲಿನ ಕೆಲಸ: ವಿಸ್ಕಾನ್ಸಿನ್‌ನ ಜಿಂಕೆ ಬೇಟೆಯಲ್ಲಿ ನಾನು ಅನುಸರಿಸುವ ಕ್ರಮ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುವ ಮುಖ್ಯ ಋತು ಒಂಬತ್ತೇ ದಿನ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರುವಾಗಿ ಹಬ್ಬ ಕಳೆದ ಭಾನುವಾರ ಮುಗಿಯುತ್ತದೆ. ಬಿಲ್ಲು ಮತ್ತು ಕ್ರಾಸ್‌ಬೋಗೆ ಸೆಪ್ಟೆಂಬರ್ ಮಧ್ಯದಿಂದಲೇ ಅವಕಾಶವಿದೆ, ಆದರೆ ಐದು ಲಕ್ಷಕ್ಕೂ ಹೆಚ್ಚು ಜನ ಕೇಸರಿ ಅಂಗಿ ತೊಟ್ಟು ಕಾಡಿಗಿಳಿಯುವುದು ಈ ಒಂಬತ್ತು ದಿನಗಳಲ್ಲೇ. ಹೊಸದಾಗಿ ಕಲಿಯಬೇಕೆನ್ನುವ ಕನ್ನಡಿಗರು ಮೊದಲು ಕೇಳುವುದು ಯಾವ ಕೋವಿ, ಯಾವ ಸ್ಕೋಪ್ ಎಂದು. ಅದು ಈ ಕೆಲಸದಲ್ಲಿ ತೀರಾ ಸಣ್ಣ ಪಾಲು. ಗುಂಡು ಹಾರಿದ ಮೇಲೆ ಏನು ಮಾಡುತ್ತೀರಿ ಎಂಬುದರ ಮೇಲೆ ಮಾಂಸ ತಿನ್ನಲು ಯೋಗ್ಯವಾಗುತ್ತದೋ ಇಲ್ಲವೋ, ಪ್ರಾಣಿಯ ಸಾವು ವ್ಯರ್ಥವಾಗುತ್ತದೋ ಇಲ್ಲವೋ ನಿರ್ಧಾರವಾಗುತ್ತದೆ. ಹಾಗಾಗಿ ನಾನು ಹೆಚ್ಚು ಬರೆಯುವುದು ಅದರ ಬಗ್ಗೆಯೇ.

ಮೊದಲು ಕಾಗದಪತ್ರ. 1973ರ ಜನವರಿ 1 ಅಥವಾ ನಂತರ ಹುಟ್ಟಿದವರು ಬೇಟೆ ಸುರಕ್ಷತಾ ತರಬೇತಿ ಮುಗಿಸಿದ ಪ್ರಮಾಣಪತ್ರ ತೋರಿಸಬೇಕು. ವೀಸಾದ ವಿಷಯ ಇದಕ್ಕಿಂತ ಸೂಕ್ಷ್ಮ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿ ಅಥವಾ ಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ. ಇಲ್ಲಿನ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತದೆ. ಋತು ನವೆಂಬರ್‌ನಲ್ಲೇ ಮುಗಿಯಿತಲ್ಲ ಎಂದು ಮರೆತು ಏಪ್ರಿಲ್‌ನಲ್ಲೂ ಕೋವಿಯನ್ನು ಮನೆಯಲ್ಲಿಟ್ಟುಕೊಂಡರೆ ಅದೇ ಗಂಭೀರ ಅಪರಾಧ, ವಲಸೆ ಅರ್ಜಿಗೂ ಕುತ್ತು. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. ಬಿಲ್ಲುಬಾಣ ಈ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ವೀಸಾದಲ್ಲಿರುವವರು ಬಿಲ್ಲಿನಿಂದಲೇ ಶುರು ಮಾಡಲಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಯಾವ ಜಿಂಕೆ? ಹೆಣ್ಣು. ದಕ್ಷಿಣ ವಿಸ್ಕಾನ್ಸಿನ್‌ನ ಹೊಲಸೀಮೆಯಲ್ಲಿ ನನ್ನ ಮೊದಲ ಆಯ್ಕೆ ಯಾವಾಗಲೂ ಬಲಿತ ಹೆಣ್ಣೇ. ಬಿಳಿಬಾಲದ ಜಿಂಕೆಗಳ ಕೂಡುವ ಕಾಲ ನವೆಂಬರ್‌ನ ಮೊದಲ ಭಾಗ. ಸುಮಾರು 200 ದಿನಗಳ ಗರ್ಭ ಮುಗಿದು ಮೇ ಕೊನೆ, ಜೂನ್ ಹೊತ್ತಿಗೆ ಮರಿಗಳು ಹುಟ್ಟುತ್ತವೆ. ಮೇವು ಚೆನ್ನಾಗಿದ್ದರೆ ಬಲಿತ ಹೆಣ್ಣಿಗೆ ಸಾಮಾನ್ಯವಾಗಿ ಎರಡು ಮರಿ. ಒಂದೇ ಗಂಡು ಹಲವು ಹೆಣ್ಣುಗಳನ್ನು ಕೂಡುವುದರಿಂದ ಕೊಂಬಿನ ಗಂಡುಗಳನ್ನು ಎಷ್ಟು ಹೊಡೆದರೂ ಮುಂದಿನ ವರ್ಷದ ಮರಿಗಳ ಲೆಕ್ಕ ಹೆಚ್ಚು ಕಡಿಮೆಯಾಗದು. ಇಲ್ಲಿ ತೋಳಗಳಿರುವುದು ಬಹುಪಾಲು ರಾಜ್ಯದ ಉತ್ತರದಲ್ಲಿ. ದಕ್ಷಿಣದ ಜೋಳ, ಸೋಯಾ ಹೊಲಗಳ ಮಧ್ಯದ ತುಂಡು ಕಾಡುಗಳಲ್ಲಿ ಕಯೋಟಿಗಳು ಮರಿಗಳನ್ನು ಹಿಡಿಯುತ್ತವೆ, ಬಲಿತ ಜಿಂಕೆಗೆ ಬೇಟೆಗಾರ ಮತ್ತು ಕಾರು ಬಿಟ್ಟರೆ ದೊಡ್ಡ ಶತ್ರುವಿಲ್ಲ. ಜಿಂಕೆ ಹೆಚ್ಚಾದ ಕಾಡನ್ನು ನೋಡಿದರೆ ಗುರುತಾಗುತ್ತದೆ: ಮೊಣಕಾಲೆತ್ತರದ ಓಕ್ ಸಸಿಗಳಿಲ್ಲ, ವಸಂತದಲ್ಲಿ ಟ್ರಿಲಿಯಂ ಹೂವಿಲ್ಲ, ಜಿಂಕೆ ಮುಟ್ಟದ ಗಿಡಗಳಷ್ಟೇ ನೆಲ ತುಂಬಿರುತ್ತವೆ. ದೊಡ್ಡ ಮರಗಳು ನಿಂತಿರುತ್ತವೆ, ಅವುಗಳ ಜಾಗಕ್ಕೆ ಬರುವ ಮರಗಳಿರುವುದಿಲ್ಲ.

ಹೆಣ್ಣಿನ ಪರವಾನಗಿ ಕೌಂಟಿಗೆ (ನಮ್ಮ ಜಿಲ್ಲೆಯಂಥ ವಿಭಾಗ), ಮತ್ತೆ ಖಾಸಗಿ ನೆಲವೋ ಸಾರ್ವಜನಿಕ ನೆಲವೋ ಎಂಬುದಕ್ಕೆ ಕಟ್ಟಿರುತ್ತದೆ. ಖಾಸಗಿ ನೆಲದ ಚೀಟಿ ಹಿಡಿದು ಬೇಲಿಯಾಚೆಯ ಸರ್ಕಾರಿ ಕಾಡಿನಲ್ಲಿ ಹೊಡೆದರೆ ಅದು ಕಳ್ಳಬೇಟೆ. ಯಾವ ಕೌಂಟಿಗೆ ಎಷ್ಟು ಚೀಟಿ ಎಂಬುದರ ಬಗ್ಗೆ ಕೌಂಟಿ ಮಟ್ಟದ ಜಿಂಕೆ ಸಲಹಾ ಸಮಿತಿಗಳು ಶಿಫಾರಸು ಮಾಡುತ್ತವೆ. ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, ಮಾತಾಡಬಹುದು. ಹೋಗಿ. ಕೊಂಬಿನ ಆಸೆಯವರು ಮಾತ್ರ ಹೋದರೆ ಕಾಡಿನ ಪರ ಮಾತಾಡುವವರು ಉಳಿಯುವುದಿಲ್ಲ.

ಈ ಲೆಕ್ಕವನ್ನು ಕರ್ನಾಟಕಕ್ಕೆ ಹೊತ್ತೊಯ್ಯಬೇಡಿ. ನಾಗರಹೊಳೆ, ಬಂಡೀಪುರದಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಸಾರಗ, ಕಡವೆಗಳನ್ನು ತಿಂದೇ ಬದುಕುತ್ತವೆ. ಅಲ್ಲಿ ಹೊಡೆದ ಒಂದು ಕಡವೆ ಹುಲಿಯ ಬಾಯಿಂದ ಕಸಿದ ತುತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿ ಬೇಟೆಯನ್ನು ನಿಲ್ಲಿಸಿದ್ದು ಸರಿ. ಅಮೆರಿಕದಲ್ಲೂ ಮಿತಿಯಿಲ್ಲದ ವಾಣಿಜ್ಯ ಬೇಟೆಯಿಂದ 1900ರ ಸುಮಾರಿಗೆ ಬಿಳಿಬಾಲದ ಜಿಂಕೆ ದೇಶದಾದ್ಯಂತ ಕೆಲವೇ ಲಕ್ಷಕ್ಕೆ ಇಳಿದಿತ್ತು. ಕಾಡು ಮಾಂಸದ ಮಾರಾಟ ನಿಂತು, ಋತುಗಳು ನಿಗದಿಯಾಗಿ, 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಬಂದ ಮೇಲೆ ಚೇತರಿಕೆಗೆ ಸ್ಥಿರವಾದ ಹಣ ಸಿಕ್ಕಿತು. ಆ ಕಾಯ್ದೆಯಡಿ ಉದ್ದ ಕೋವಿ ಮತ್ತು ಗುಂಡುಗಳ ಮೇಲೆ ಬೀಳುವ ಶೇ. 11ರ ತೆರಿಗೆ ಇವತ್ತಿಗೂ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ.

ಕೋವಿಯ ಗುಂಡಿನ ಅಳತೆ .308 ಇರಲಿ, .243 ಇರಲಿ, ಜಿಂಕೆಗೆ ಎರಡೂ ಸಾಕು. ಗುಂಡು ಮಾತ್ರ ತಾಮ್ರದ್ದೇ ಆಗಿರಲಿ. ಸೀಸದ ಗುಂಡು ಮೂಳೆಗೆ ಬಡಿದಾಗ ಕಣ್ಣಿಗೆ ಕಾಣದ ಚೂರುಗಳಾಗಿ ಗಾಯದಿಂದ ಒಂದು ಅಡಿಯಾಚೆಗೂ ಮಾಂಸದಲ್ಲಿ ಹರಡುತ್ತದೆ. ಮಕ್ಕಳ ತಟ್ಟೆಗೆ ಹೋಗುವುದು ಅದೇ ಮಾಂಸ. ಕಾಡಿನಲ್ಲಿ ಬಿಟ್ಟುಬಂದ ಕರುಳಿನ ರಾಶಿಯನ್ನು ತಿಂದ ಬೋಳುಹದ್ದುಗಳು ಸೀಸದ ವಿಷವೇರಿ ಸಾಯುತ್ತವೆ. ತಾಮ್ರದ ಗುಂಡಿಗೆ ಬೆಲೆ ಹೆಚ್ಚು, ಆದರೆ ಗುರಿ ಹೊಂದಿಸಿದ ಮೇಲೆ ಒಂದು ಋತುವಿಗೆ ಬೇಕಾಗುವುದು ಬೆರಳೆಣಿಕೆಯಷ್ಟು. ಅದೇ ಗುಂಡಿನಲ್ಲಿ 100 ಗಜಕ್ಕೆ ಗುರಿ ಹೊಂದಿಸಿ. ಒಂದು ಬ್ರಾಂಡಿನಿಂದ ಇನ್ನೊಂದಕ್ಕೆ ಹೋದರೆ ಪೆಟ್ಟು ಬೀಳುವ ಜಾಗ ಬದಲಾಗುತ್ತದೆ, ಮತ್ತೆ ಹೊಂದಿಸಬೇಕು.

ಕೂರುವ ಜಾಗವನ್ನು ಗಾಳಿ ನೋಡಿ ಆರಿಸಬೇಕು. ಬಿಸಿಲೇರುವಾಗ ಇಳಿಜಾರಿನ ಗಾಳಿ ಮೇಲಕ್ಕೆ ಹೋಗುತ್ತದೆ, ಸಂಜೆ ತಣ್ಣಗಾದಾಗ ಕೆಳಕ್ಕೆ ಜಾರುತ್ತದೆ. ಬೆಳಿಗ್ಗೆ ಜಿಂಕೆ ದಾರಿಗಿಂತ ಮೇಲೆ, ಸಂಜೆ ಕೆಳಗೆ ಕೂತರೆ ವಾಸನೆ ಅದರ ಮೂಗಿಗೆ ಮುಟ್ಟದು. ಮರದ ಮೇಲಿನ ಸ್ಟ್ಯಾಂಡ್ ಆದರೆ ನೆಲದಲ್ಲಿರುವಾಗಲೇ ಹಾರ್ನೆಸ್ಸನ್ನು ಹಗ್ಗಕ್ಕೆ ಸಿಕ್ಕಿಸಿಕೊಳ್ಳಿ. ಹತ್ತುವಾಗ, ಇಳಿಯುವಾಗ, ಸ್ಟ್ಯಾಂಡಿಗೆ ಕಾಲಿಡುವಾಗಲೇ ಜನ ಹೆಚ್ಚು ಬೀಳುವುದು. ಕೋವಿ ಖಾಲಿಯಿರಲಿ, ಹಗ್ಗ ಕಟ್ಟಿ ಆಮೇಲೆ ಎಳೆದುಕೊಳ್ಳಿ. ಸೊಂಟದ ಮೇಲಿನ ಹೊರ ಉಡುಪಿನ ಅರ್ಧಭಾಗವಾದರೂ ಹೊಳೆವ ಕೇಸರಿ ಅಥವಾ ಹೊಳೆವ ಗುಲಾಬಿ ಇರಲೇಬೇಕು. ಒಳಗೆ ಹತ್ತಿ ಬಟ್ಟೆ ಬೇಡ, ಬೆವರು ಹೀರಿ ತಣ್ಣಗಾಗುತ್ತದೆ. ಉಣ್ಣೆ ಒಳ್ಳೆಯದು.

ಒಂಟಿಯಾಗಿ ಬಂದ ಸಣ್ಣ, ಕೊಂಬಿಲ್ಲದ ಜಿಂಕೆಗೆ ಅವಸರಪಡಬೇಡಿ. ಅದು ಬಹಳ ಸಲ ಅದೇ ವರ್ಷ ಹುಟ್ಟಿದ ಗಂಡುಮರಿ. ಬಲಿತ ಹೆಣ್ಣಿನ ಮೂತಿ ಉದ್ದ, ಕುತ್ತಿಗೆ ನೀಳ. ಮರಿಯ ಮೂತಿ ಮೊಂಡು, ಮೈ ಚೌಕ. ಎರಡು ಮೂರು ಒಟ್ಟಿಗೆ ಬರುವವರೆಗೆ ಕಾದರೆ ಹೋಲಿಸಿ ನೋಡಬಹುದು. ಮೈ ಪೂರ್ತಿ ಅಡ್ಡ ನಿಂತಾಗ ಅಥವಾ ತುಸು ಆಚೆಗೆ ತಿರುಗಿದಾಗ ಮಾತ್ರ, ಮುಂಗಾಲಿನ ಹಿಂದೆ, ಎದೆಯ ಕೆಳಗಂಚಿನಿಂದ ಮೂರನೇ ಒಂದು ಭಾಗ ಮೇಲೆ. ಎದುರು ನಿಂತದ್ದಕ್ಕೆ, ಓಡುವುದಕ್ಕೆ, ದಿಣ್ಣೆಯ ತುದಿಯಲ್ಲಿ ಆಕಾಶಕ್ಕೆದುರಾಗಿ ನಿಂತದ್ದಕ್ಕೆ ಇಲ್ಲ. ಹಿಂದೆ ಮಣ್ಣಿಲ್ಲದ ಗುಂಡು ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಹೊಡೆದ ತಕ್ಷಣ ಮತ್ತೊಂದು ಗುಂಡು ಏರಿಸಿ, ಜಿಂಕೆ ನಿಂತಿದ್ದ ಜಾಗವನ್ನೂ ಕೊನೆಗೆ ಕಂಡ ಜಾಗವನ್ನೂ ಮರ, ಬಂಡೆಯ ಗುರುತಿನಿಂದ ನೆನಪಿಟ್ಟುಕೊಳ್ಳಿ. ಕಣ್ಣೆದುರೇ ಬೀಳದಿದ್ದರೆ ಅರ್ಧ ಗಂಟೆ ಅಲ್ಲಾಡಬೇಡಿ. ಶ್ವಾಸಕೋಶಕ್ಕೆ ತಗುಲಿದ ಜಿಂಕೆಯೂ ನೂರು ಗಜ ಓಡಬಹುದು, ಹಿಂದೆಯೇ ಹೋದರೆ ಇನ್ನೂ ಓಡುತ್ತದೆ. ಆಮೇಲೆ ರಕ್ತ ಓದಬೇಕು. ತಿಳಿ ಕೆಂಪು, ಸಣ್ಣ ಗುಳ್ಳೆಗಳಿದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪಾದರೆ ಯಕೃತ್ತು, ಮೂರು ನಾಲ್ಕು ಗಂಟೆ ಕಾಯಿರಿ. ಹಸಿರು ಮೇವಿನ ಚೂರು, ಹೊಟ್ಟೆಯ ವಾಸನೆ ಇದ್ದರೆ ಕನಿಷ್ಠ ಆರರಿಂದ ಎಂಟು ಗಂಟೆ. ಅದು ಮಲಗಿದ ಜಾಗದಿಂದ ಎಬ್ಬಿಸಿದರೆ ಸಿಗುವುದೇ ಕಷ್ಟ. ಪ್ರತಿ ಹನಿಯ ಬಳಿ ಟಾಯ್ಲೆಟ್ ಪೇಪರಿನ ತುಂಡಿಡಿ, ಜಾಡು ತಪ್ಪಿದಾಗ ಹಿಂದಿರುಗಿ ನೋಡಿದರೆ ಹೋದ ದಿಕ್ಕು ಕಾಣುತ್ತದೆ. ಗಾಯವಾದ ಪ್ರಾಣಿಯನ್ನು ಹುಡುಕುವುದು ಬಿಟ್ಟು ಇನ್ನೊಂದಕ್ಕೆ ಕಾಯುವವನನ್ನು ಬೇಟೆಗಾರ ಎಂದು ನಾನು ಕರೆಯುವುದಿಲ್ಲ. ಇಲ್ಲಿ ಬಾರು ಹಿಡಿದ ನಾಯಿಯ ಸಹಾಯ ಪಡೆಯಲು ಅನುಮತಿಯಿದೆ, ಕರೆಯಿರಿ.

ಹೊಟ್ಟೆ ಬಗೆಯುವುದನ್ನು ಬಿದ್ದಲ್ಲೇ ಮಾಡಬೇಕು. ಒಳಗಿನ ಬಿಸಿ ಮಾಂಸವನ್ನು ಕೆಡಿಸುತ್ತದೆ. ಮೂರರಿಂದ ನಾಲ್ಕು ಇಂಚಿನ ಚೂಪು ಚಾಕು ಸಾಕು, ಉದ್ದ ಚಾಕು ಒಳಗಿನ ಚೀಲ ತೂತು ಮಾಡುತ್ತದೆ. ಕೈಗವಸು ಹಾಕಿ. ಹಿಂಗಾಲಿನ ಒಳಮಗ್ಗುಲಲ್ಲಿರುವ ಕಪ್ಪು ಕೂದಲ ಗ್ರಂಥಿಯನ್ನು ಮುಟ್ಟಬೇಡಿ, ಅದರ ನಾತ ಕೈಯಿಂದ ಮಾಂಸಕ್ಕೆ ಹತ್ತುತ್ತದೆ. ಜಿಂಕೆಯನ್ನು ಬೆನ್ನಮೇಲೆ ಮಲಗಿಸಿ, ತಲೆ ತುಸು ಎತ್ತರಕ್ಕಿರಲಿ. ಗುದದ್ವಾರದ ಸುತ್ತ ಕೊಯ್ದು ಬಿಡಿಸಿ, ದಾರದಿಂದ ಬಿಗಿದು ಕಟ್ಟಿ. ನಂತರ ಕೆಳಹೊಟ್ಟೆಯಲ್ಲಿ ಚರ್ಮವನ್ನು ಚಿವುಟಿ ಎತ್ತಿ ಸಣ್ಣ ಸೀಳು ಮಾಡಿ, ಎಡಗೈಯ ಎರಡು ಬೆರಳು ಒಳಗಿಟ್ಟು ಚರ್ಮವನ್ನು ಮೇಲಕ್ಕೆತ್ತಿ, ಬೆರಳುಗಳ ನಡುವೆ ಚಾಕುವಿನ ಅಲಗು ಆಕಾಶ ನೋಡುವಂತೆ ಹಿಡಿದು ಎದೆಮೂಳೆಯವರೆಗೆ ಸೀಳಿಕೊಂಡು ಹೋಗಿ. ಅಲಗು ಕೆಳಮುಖವಾದರೆ ಮೇವಿನ ಚೀಲ ಒಡೆಯುತ್ತದೆ. ಪಕ್ಕೆಲುಬಿನಂಚಿಗೆ ಅಂಟಿದ ತೆಳು ಪರದೆ ವಪೆ, ಅದನ್ನು ಎರಡೂ ಕಡೆ ಕತ್ತರಿಸಿ. ತೋಳನ್ನು ಮೊಣಕೈವರೆಗೆ ಎದೆಯೊಳಗೆ ತೂರಿಸಿ ಶ್ವಾಸನಾಳವನ್ನು ಹಿಡಿದು, ಇನ್ನೊಂದು ಕೈಯ ಚಾಕುವಿನಿಂದ ಅದರ ಮೇಲ್ಭಾಗ ಕತ್ತರಿಸಿ. ಈ ಹೊತ್ತಲ್ಲಿ ಕಣ್ಣಿಗೆ ಕಾಣುವುದಿಲ್ಲ, ತನ್ನ ಬೆರಳನ್ನೇ ಕೊಯ್ದುಕೊಳ್ಳುವುದು ಇಲ್ಲೇ, ನಿಧಾನವಾಗಿ ಮಾಡಿ. ನಾಳವನ್ನು ಹಿಂದಕ್ಕೆಳೆದರೆ ಎಲ್ಲವೂ ಒಟ್ಟಿಗೆ ಹೊರಬರುತ್ತದೆ. ಮೂತ್ರಚೀಲವನ್ನು ಹಿಸುಕದೆ ಬುಡದಲ್ಲಿ ಹಿಡಿದು ತೆಗೆಯಿರಿ. ಆಮೇಲೆ ಬೋರಲು ತಿರುಗಿಸಿ ರಕ್ತ ಬಸಿಯಲು ಬಿಡಿ, ಎದೆಗೂಡಿಗೆ ಒಂದು ಕಡ್ಡಿ ಅಡ್ಡಕೊಟ್ಟು ಗಾಳಿಯಾಡಿಸಿ. ಹವೆ 5 ಡಿಗ್ರಿಗಿಂತ ಬೆಚ್ಚಗಿದ್ದರೆ ಒಳಗೆ ಐಸ್ ಚೀಲಗಳು ಬೇಕು. ಮರುದಿನ ಸಂಜೆ 5ರೊಳಗೆ ರಾಜ್ಯಕ್ಕೆ ನೋಂದಣಿ ಮಾಡಿ.

ಇಷ್ಟಾದರೂ ಕೂಡಲೇ ತಿನ್ನುವಂತಿಲ್ಲ. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗ, ಅಂದರೆ ಸಿಡಬ್ಲ್ಯುಡಿ, ಇಲ್ಲಿ ಪತ್ತೆಯಾದದ್ದು 2002ರಲ್ಲಿ. ಡೇನ್, ಐಯೋವಾ, ಸಾಕ್, ರಿಚ್‌ಲ್ಯಾಂಡ್ ಕೌಂಟಿಗಳಲ್ಲಿ ಹೆಚ್ಚು. ಕಾರಣ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್, ಅಡುಗೆಯ ಬಿಸಿಗೆ ಸಾಯುವಂಥದ್ದಲ್ಲ. ಸೋಂಕಿನ ಜಿಂಕೆ ಬಹುಕಾಲ ಆರೋಗ್ಯವಾಗಿಯೇ ಕಾಣುತ್ತದೆ, ನೋಡಿ ಹೇಳಲಾಗದು. ಮನುಷ್ಯರಿಗೆ ತಗುಲಿದ ದೃಢಪಟ್ಟ ಪ್ರಕರಣ ಇಲ್ಲ, ಆದರೂ ಸೋಂಕಿನ ಮಾಂಸ ತಿನ್ನಬಾರದೆಂದೇ ಆರೋಗ್ಯ ಇಲಾಖೆಗಳ ಸಲಹೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ (ಡಿಎನ್‌ಆರ್) ಇಟ್ಟಿರುವ ಪೆಟ್ಟಿಗೆಗಳಲ್ಲಿ ಕುತ್ತಿಗೆ ಸಮೇತ ತಲೆ ಬಿಟ್ಟುಬಂದರೆ ಗಂಟಲ ಹಿಂದಿನ ದುಗ್ಧಗ್ರಂಥಿಯನ್ನು ಉಚಿತವಾಗಿ ಪರೀಕ್ಷಿಸುತ್ತಾರೆ. ಫಲಿತಾಂಶಕ್ಕೆ ಸುಮಾರು ಎರಡು ವಾರ. ಅಲ್ಲಿಯವರೆಗೆ ಒಂದೊಂದು ಜಿಂಕೆಯ ಮಾಂಸವನ್ನೂ ಬೇರೆ ಬೇರೆ ಗುರುತು ಹಾಕಿ ಫ್ರೀಜರಿನಲ್ಲಿಡಿ. ಬೆನ್ನುಹುರಿ, ಮಿದುಳು, ಗುಲ್ಮ ಮುಟ್ಟದೆ ಮೂಳೆಯಿಂದ ಮಾಂಸವಷ್ಟೇ ಬಿಡಿಸಿ, ಗರಗಸ ಬೇಡ. ಚಾಕುವನ್ನು ಉಜ್ಜಿ ತೊಳೆದು, ಶೇ. 40ರಷ್ಟು ಮನೆಬಳಕೆಯ ಬ್ಲೀಚ್ ಬೆರೆಸಿದ ನೀರಿನಲ್ಲಿ ಐದು ನಿಮಿಷ ನೆನೆಸಿ. ಮೂಳೆಗಳನ್ನು ಕಾಡಿಗೆ ಎಸೆಯದೆ ಕಸ ವಿಲೇವಾರಿ ಜಾಗಕ್ಕೆ ಕಳಿಸಿ.

ಮಾಂಸ ಬಿಡಿಸುವ ಮುನ್ನ 1ರಿಂದ 4 ಡಿಗ್ರಿಯಲ್ಲಿ ಮೂರರಿಂದ ಏಳು ದಿನ ನೇತುಹಾಕುವುದು ಒಳ್ಳೆಯದು. ಸತ್ತ ಮೇಲಿನ ಸೆಟೆತ ಬಿಡುವ ಮುಂಚೆ ಹೆಪ್ಪುಗಟ್ಟಿದರೆ ಮಾಂಸ ರಬ್ಬರಾಗುತ್ತದೆ. ಬಲಿತ ಹೆಣ್ಣಿನಿಂದ 20 ಕೆಜಿ ಆಸುಪಾಸು ಮಾಂಸ ಸಿಗುತ್ತದೆ. ಜಿಂಕೆಯ ಬಿಳಿ ಕೊಬ್ಬು ಬಾಯಲ್ಲಿ ಮೇಣದಂತೆ ಅಂಟುತ್ತದೆ, ಅದನ್ನೂ ಬಿಳಿಪೊರೆಯನ್ನೂ ಪೂರ್ತಿ ತೆಗೆಯಿರಿ. ಬೆನ್ನಮಾಂಸ ತವಾಕ್ಕೆ, ತೊಡೆ ಖೀಮಾಕ್ಕೆ, ಮುಂಗಾಲು ಮತ್ತು ಕುತ್ತಿಗೆ ಸಾರಿಗೆ. ತುಂಡು ಮಾಂಸದ ಒಳಗಿನ ಬಿಸಿ 63 ಡಿಗ್ರಿ, ಖೀಮಾದ್ದು 71 ಡಿಗ್ರಿ ಮುಟ್ಟಲಿ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಭಯವಿರುವುದರಿಂದ ಗರ್ಭಿಣಿಯರಿಗೆ ಪೂರ್ತಿ ಬೆಂದದ್ದೇ ಕೊಡಿ.

ಮಕ್ಕಳನ್ನು ಈ ಕೆಲಸಕ್ಕೆ ಕಟುಕನ ಮೇಜಿನಿಂದ ಸೇರಿಸಬೇಕು, ಕೋವಿಯಿಂದ ಅಲ್ಲ. ಪ್ಯಾಕೆಟ್ಟಿನ ಮೇಲೆ ದಿನಾಂಕ, ಭಾಗ, ಜಿಂಕೆಯ ನೋಂದಣಿ ಸಂಖ್ಯೆ ಬರೆಯುವುದು ಅವರ ಪಾಲಿಗಿರಲಿ. ಮುಂದೆ ಕೋವಿ ಹಿಡಿಯುವ ಹೊತ್ತಿಗೆ ಅನುಭವಿಯೊಬ್ಬರ ಜೊತೆ ಕಲಿಯುವ ‘ಮಾರ್ಗದರ್ಶಿ ಬೇಟೆ’ಯ ನಿಯಮದಂತೆ ದೊಡ್ಡವರು ಕೈಗೆಟುಕುವ ದೂರದಲ್ಲೇ ಇರಬೇಕು.

ನಮ್ಮ ಮನೆಯಲ್ಲಿ ಹೆಚ್ಚು ಮಾಡುವುದು ಕೊಡಗಿನ ಪಂದಿಕರಿಯ ಮಸಾಲೆಯಲ್ಲಿ. ಒಂದು ಕೆಜಿ ಮುಂಗಾಲಿನ ತುಂಡಿಗೆ ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಕರಿಮೆಣಸು, ಅರ್ಧರ್ಧ ಚಮಚ ಜೀರಿಗೆ, ಸಾಸಿವೆ, ಚಿಟಿಕೆ ಮೆಂತ್ಯ, ಎಲ್ಲವನ್ನೂ ಕಪ್ಪಾಗುವ ತನಕ ಹುರಿದು ಪುಡಿ ಮಾಡಿ. ಹಂದಿಯಂತೆ ಈ ಮಾಂಸ ಕೊಬ್ಬು ಬಿಡುವುದಿಲ್ಲ, ಆದ್ದರಿಂದ ಮೂರು ಚಮಚ ಎಣ್ಣೆ ಬೇಕೇ ಬೇಕು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ, ಮಾಂಸ, ಅರಿಶಿನ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಮುಚ್ಚಿ ಒಂದೂವರೆಯಿಂದ ಎರಡು ಗಂಟೆ ಬೇಯಿಸಿ. ನಾರು ಬಿಡತೊಡಗಿದ ಮೇಲೆ ಮಸಾಲೆ ಪುಡಿ, ಇಳಿಸುವ ಐದು ನಿಮಿಷ ಮುಂಚೆ ಎರಡು ಸಣ್ಣ ಚಮಚ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ.