ಬಂಡೆ ಸಂದೀಲಿ ಜಿಪಿಎಸ್ ಕೈಕೊಟ್ರೆ ಹೀಗ್ ಮಾಡಿ

ಮಾಗಡಿ ಹತ್ರ ಸಾವನದುರ್ಗದ ಬುಡದ ಕಾಡಲ್ಲಿ ಜಿಯೋಕ್ಯಾಶ್ (ಯಾರೋ ಬಚ್ಚಿಟ್ಟು ಜಾಗದ ಜಿಪಿಎಸ್ ಗುರುತು ಕೊಟ್ಟಿರೋ ಡಬ್ಬಿ, ಅದನ್ನ ಹುಡುಕೋದೇ ಆಟ) ಹುಡುಕೋಕ್ ಹೋದಾಗ ಫೋನಲ್ಲಿ ಬಾಣ ಒಂದ್ಸಲ ಎಡಕ್ಕೆ 8 ಮೀಟರ್ ಅನ್ನುತ್ತೆ, ಎರಡು ಹೆಜ್ಜೆ ಇಟ್ರೆ ಬಲಕ್ಕೆ 25 ಅನ್ನುತ್ತೆ, ನಿಂತಲ್ಲೇ ನಿಂತಿದ್ರೂ ನಂಬರ್ ಬದಲಾಗ್ತಾನೇ ಇರುತ್ತೆ. ಫೋನ್ ಕೆಟ್ಟಿರಲ್ಲ, ಸ್ಯಾಟಲೈಟ್ ಸಿಗ್ನಲ್ ಬಂಡೆಗೆ ಬಡಿದು ಸುತ್ತಿ ಬರೋದ್ರಿಂದ ಲೆಕ್ಕ ತಪ್ಪುತ್ತೆ ಅಷ್ಟೇ. 2000ನೇ ಇಸವಿ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಸಿಗ್ನಲ್‌ಗೆ ಬೇಕಂತಲೇ ಸೇರಿಸ್ತಿದ್ದ ದೋಷ ತೆಗೆದ ಮೇಲೇ ಈ ಆಟ ಹುಟ್ಟಿದ್ದು, ಆದ್ರೆ ಬಂಡೆ ಮಾಡೋ ದೋಷನ ಯಾರೂ ತೆಗೆಯೋಕಾಗಲ್ಲ.

ನಾನ್ ಮಾಡಿದ್ದು ಇಷ್ಟು: ಬಂಡೆಯಿಂದ ಮೂವತ್ತು ನಲವತ್ತು ಮೀಟರ್ ಆಚೆ, ಆಕಾಶ ಚೆನ್ನಾಗಿ ಕಾಣೋ ಬಯಲಿಗೆ ಬಂದು ಫೋನ್ ಅಲ್ಲಾಡಿಸ್ದೆ ಎರಡು ನಿಮಿಷ ಹಿಡ್ಕೊಂಡೆ, ನಂಬರ್ ನಿಂತ ಮೇಲೆ ಡಬ್ಬಿ ಯಾವ ಡಿಗ್ರಿಲಿದೆ ಅಂತ ನೋಡಿ ಮಾಮೂಲಿ ದಿಕ್ಸೂಚಿಲಿ ಆ ಗೆರೆ ಹಿಡಿದು ದೂರದಲ್ಲಿದ್ದ ಒಂದು ಮರ ಗುರುತು ಮಾಡ್ಕೊಂಡೆ, ಆಮೇಲೆ ಇನ್ನೊಂದು ಪಕ್ಕದಿಂದ ಅದನ್ನೇ ಮಾಡಿದೆ. ಎರಡು ಗೆರೆ ಸೇರೋ ಕಡೆ ಮುಳ್ಳುಪೊದೆ ಹಿಂದೆ ಒಂದು ಸೀಳು, ಅದರೊಳಗೆ ಚಪ್ಪಟೆ ಕಲ್ಲು, ಕಲ್ಲಿನಡಿ ಡಬ್ಬಿ! ಎಷ್ಟು ಖುಷಿ ಆಯ್ತು ಅಂದ್ರೆ ಹೇಳೋಕಾಗಲ್ಲ. ಕೈ ಹಾಕೋ ಮೊದ್ಲು ಕೋಲಿಂದ ತಟ್ಟಿ ನೋಡಿ, ಹಾವು ಚೇಳು ಇರ್ತವೆ. ಪೆನ್ಸಿಲ್ ತಗೊಂಡ್ ಹೋಗಿ, ಹುಡುಕಿದವ್ರು ಹೆಸರು ಬರೆಯೋ ಒಳಗಿನ ಪುಸ್ತಕ ತೇವ ಆಗಿದ್ರೆ ಪೆನ್ ಬರೆಯಲ್ಲ.